ಮೈಸೂರಲ್ಲಿ ರಷ್ಯನ್ ಬರೋ ದುಭಾಷಿ ಯಾರಾದ್ರೂ ಇದಾರಾ? ಬಯ್ಯರ್ ಬರ್ತಿದಾರೆ, ಅರ್ಜೆಂಟು

ಬತ್ತಿಮನೆ_ಹುಡುಗ

ಎಲ್ರಿಗೂ ನಮಸ್ಕಾರ. ಮೈಸೂರಲ್ಲಾಗಲಿ ಮಂಡ್ಯ ಕಡೆಯಾಗಲಿ ರಷ್ಯನ್ ಚೆನ್ನಾಗಿ ಬರೋರು, ದುಡ್ಡು ತಗೊಂಡು ಕೆಲಸ ಮಾಡ್ಕೊಡೋರು ಯಾರಾದ್ರೂ ಗೊತ್ತಿದ್ರೆ ಹೇಳಿ. ವಿಷಯ ಏನಪ್ಪಾ ಅಂದ್ರೆ ನಮ್ದು ಮೇಟಗಳ್ಳಿ ಹತ್ರ ಒಂದು ಚಿಕ್ಕ ಅಗರಬತ್ತಿ ಯೂನಿಟ್ಟು, ಅಪ್ಪ ಶುರು ಮಾಡಿದ್ದು, ಮಸಾಲಾ ಬತ್ತಿನೇ ಜಾಸ್ತಿ, ಈಗಲೂ ಹಾಲುಮಡ್ಡಿ ಅನ್ನೋ ಮರದ ಅಂಟು ಹಾಕೇ ಮಾಡೋದು. ಹೋದ್ವರ್ಷ ದೆಹಲಿ ಎಕ್ಸಿಬಿಷನ್ನಲ್ಲಿ ರಷ್ಯಾದವರೊಬ್ರು ಸ್ಟಾಲಿಗೆ ಬಂದು ಅರ್ಧ ಗಂಟೆ ನಿಂತು ಒಂದೊಂದೇ ಬತ್ತಿ ಮೂಸಿ ಮೂಸಿ ಕಾರ್ಡ್ ತಗೊಂಡು ಹೋಗಿದ್ರು, ಆಮೇಲೆ ಸದ್ದಿಲ್ಲ, ಮರ್ತೇಬಿಟ್ಟಿದ್ವಿ. ಈಗ ಮೇಲ್ ಬಂದಿದೆ, ಮುಂದಿನ ತಿಂಗಳು ಮೈಸೂರಿಗೇ ಬರ್ತಾರಂತೆ, ಎರಡು ದಿನ ಇರ್ತಾರೆ, ಯೂನಿಟ್ ನೋಡ್ಬೇಕು ರೇಟ್ ಮಾತಾಡ್ಬೇಕು ಅಂತ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನ ಇಂಗ್ಲಿಷ್ ಅದಕ್ಕಿಂತ ಸ್ವಲ್ಪ ವಾಸಿ, ಅಪ್ಪಂಗೆ ಕನ್ನಡ ಬಿಟ್ರೆ ತಮಿಳು ಉರ್ದು ಮಾತ್ರ.

ಮಾತಿಗೆ ಒಬ್ರು ಬೇಕು, ಅವರು ಕಳಿಸಿರೋ ಅಗ್ರಿಮೆಂಟ್ ಒಂದು ಹತ್ತು ಪುಟ ರಷ್ಯನ್ನಲ್ಲಿದೆ ಅದು ಇಂಗ್ಲಿಷಿಗಾಗ್ಬೇಕು, ಆಮೇಲೆ ಪೌಚ್ ಮೇಲೆ ರಷ್ಯನ್ ಲೇಬಲ್ಲು. ಬೆಂಗಳೂರಲ್ಲಿ ವಿಚಾರಿಸಿದ್ರೆ ಒಂದು ಕಡೆ ಪದಕ್ಕೆ 5 ರೂಪಾಯಿ ಅಂತಾರೆ, ಇನ್ನೊಂದು ಕಡೆ ಪೇಜಿಗೆ 700 ಅಂತಾರೆ, ಯಾವುದು ಚೀಪು ಯಾವುದು ದುಬಾರಿ ಅಂತಾನೇ ಗೊತ್ತಾಗ್ತಿಲ್ಲ. ಸರ್ಟಿಫೈಡ್ ಬೇಕಾ ನೋಟರಿ ಬೇಕಾ ಅಂತ ಬೇರೆ ಕೇಳ್ತಾರೆ. ಅನುಭವ ಇರೋರು ಪ್ಲೀಸ್.

ಚಾಮುಂಡಿ_ಎಕ್ಸ್‌ಪ್ರೆಸ್

ಗುರು ಯಾವ ಕಾಲದಲ್ಲಿದ್ದೀಯ, ಫೋನಲ್ಲಿ ಟ್ರಾನ್ಸ್‌ಲೇಟ್ ಆಪ್ ಇದ್ಯಲ್ಲ, ಮಾತಾಡಿದ್ರೆ ಅದೇ ತಿರುಗಿಸಿ ಹೇಳುತ್ತೆ, ಫೋಟೋ ತೆಗೆದ್ರೆ ಅಗ್ರಿಮೆಂಟೂ ಓದುತ್ತೆ. ಸುಮ್ನೆ ಯಾಕೆ ಪದಕ್ಕೆ ಐದು ರೂಪಾಯಿ ಕಳ್ಕೋತೀಯ. ನಾನು ಟ್ಯಾಕ್ಸಿ ಓಡ್ಸೋನು, ಗೋಕುಲಂಗೆ ಯೋಗ ಕಲಿಯೋಕೆ ಬರೋ ಫಾರಿನರ್ಸ್ ಎಲ್ಲಾ ಅದ್ರಲ್ಲೇ ಮ್ಯಾನೇಜ್ ಮಾಡ್ತೀನಿ.

ಬತ್ತಿಮನೆ_ಹುಡುಗ

ಅಣ್ಣ ಲೇಬಲ್ಲು ಹಂಗೇ ಮಾಡಿದೀನಿ ಆಲ್ರೆಡಿ, ಸ್ಯಾಂಪಲ್ ತೋರ್ಸೋಕೆ ಇರ್ಲಿ ಅಂತ ನಾಲ್ಕು ವೆರೈಟಿ ಹೆಸರು ಒಂದೊಂದೇ ಪದ ಹಾಕಿ ತೆಗೆದು ಪ್ರೆಸ್ಸಿಗೆ ಕೊಟ್ಟೆ. ಆಪ್ ಓದೋದು ಕೇಳಿಸ್ಕೊಂಡು ಕನ್ನಡದಲ್ಲಿ ಬರೀತಿದೀನಿ ನೋಡಿ, ಸರಿ ಇದ್ಯಾ ಯಾರಾದ್ರೂ ಹೇಳಿ: ರೋಸು ರೋಜಾ, ಮಲ್ಲಿಗೆ ಜಸ್ಮೀನ್, ಸ್ಯಾಂಡಲ್ಲು ಸಂದಾಲಿಯಾ, ಸಾಂಬ್ರಾಣಿ ಲಾದನ್.

ಹಳೇ_ಮಾಸ್ಕೋ

ಏನಪ್ಪಾ, ಪ್ರಿಂಟ್ ಆಗೋಯ್ತಾ? ಆಗದೇ ಇದ್ರೆ ಈಗಲೇ ಫೋನ್ ಮಾಡಿ ನಿಲ್ಸು.

ಸಂದಾಲಿಯಾ ಅಂದ್ರೆ ಕಾಲಿಗೆ ಹಾಕ್ಕೊಳ್ಳೋ ಚಪ್ಪಲಿ. ಅದೂ ಒಂದೇ ಕಾಲಿಂದು. ನಿನಗೆ ಬೇಕಾಗಿರೋ ಗಂಧಕ್ಕೆ ಸಂದಾಲ್ ಅಂತಾರೆ, ಕೊನೇಲಿ ಆ 'ಇಯಾ' ಬಂತು ಅಂದ್ರೆ ಚಪ್ಪಲಿ ಆಗೋಯ್ತು. ಇಂಗ್ಲಿಷಲ್ಲಿ ಎರಡಕ್ಕೂ ಸ್ಯಾಂಡಲ್ ಅಂತ ಬರೆಯೋದ್ರಿಂದ ಆಪ್‌ಗೆ ಪಾಪ ಹೇಗೆ ಗೊತ್ತಾಗ್ಬೇಕು, ಒಂಟಿ ಪದ ಕೊಟ್ರೆ ಅದು ಬಾಟಾ ಅಂಗಡಿಗೇ ಹೋಗೋದು. ಮೈಸೂರಿನ ಶ್ರೀಗಂಧ ಅಂತ ಪ್ರಪಂಚಕ್ಕೆಲ್ಲಾ ಹೇಳ್ಕೊಂಡು ಬಂದು ಮೈಸೂರು ಚಪ್ಪಲಿ ವಾಸನೆ ಅಂತ ಪೌಚ್ ಮೇಲೆ ಹಾಕ್ಬಿಟ್ಟಿದೀಯಲ್ಲಪ್ಪ. ಬೆಳಗ್ಗೆ ಕಾಫಿ ಕುಡೀತಾ ಓದ್ದೆ, ನಮ್ಮನೆಯವಳು ಏನಾಯ್ತು ಅಂತ ಅಡುಗೆಮನೆಯಿಂದ ಓಡಿ ಬಂದ್ಲು.

ಲಾದನ್ ಪೂರ್ತಿ ತಪ್ಪಲ್ಲ ಆದ್ರೆ ಅದೂ ಸರಿ ಇಲ್ಲ. ಬರೀ ಲಾದನ್ ಅಂದ್ರೆ ಅವರ ಚರ್ಚಲ್ಲಿ ಧೂಪ ಹಾಕ್ತಾರಲ್ಲ ಅದು. ನಮ್ಮ ಸಾಂಬ್ರಾಣಿಗೆ ರೋಸ್ನಿ ಲಾದನ್ ಅನ್ನಬೇಕು. ಅವರಲ್ಲಿ ಒಂದು ಮಾತಿದೆ, ಯಾರಾದ್ರೂ ಇನ್ನೇನು ಹೋಗೋ ಸ್ಥಿತೀಲಿದ್ರೆ 'ದಿಷಿತ್ ನ ಲಾದನ್' ಅಂತಾರೆ, ಲಾದನ್ ಮೇಲೆ ಉಸಿರು ಬಿಡ್ತಿದಾನೆ ಅಂತ, ನಮ್ಮಲ್ಲಿ ಗಂಗಾಜಲ ಬಿಡೋ ಹೊತ್ತು ಅಂದಂಗೆ. ಮನೇಲಿ ಘಮ ಘಮ ಅನ್ನಲಿ ಅಂತ ಬತ್ತಿ ಕೊಳ್ಳೋರಿಗೆ ಅದನ್ನ ಯಾಕೆ ನೆನಪು ಮಾಡ್ತೀಯ.

ನಾನು ಯಾರು ಅಂತ ಕೇಳ್ತೀರ ಅಂತ ಹೇಳ್ತೀನಿ. ಎಪ್ಪತ್ತರ ದಶಕದ ಕೊನೇಲಿ ಮಾಸ್ಕೋದ ಲುಮುಂಬಾ ಯೂನಿವರ್ಸಿಟೀಲಿ ಇಂಜಿನಿಯರಿಂಗ್ ಓದಿದೋನು. 1960ರಲ್ಲಿ ನಮ್ಮಂಥ ದೇಶದ ಹುಡುಗರಿಗೆ ಅಂತಲೇ ಶುರು ಮಾಡಿದ್ದು ಅದು, ಮೊದಲನೇ ವರ್ಷ ಪೂರ್ತಿ ಬರೀ ಭಾಷೆ ಕಲ್ಸೋರು, ಆಮೇಲೆ ಪಾಠ ಎಲ್ಲಾ ರಷ್ಯನ್ನಲ್ಲೇ. ಆಗ ಚಳಿ ತಡೀಲಾರದೆ ಅಳ್ತಾ ಕಲ್ತಿದ್ದು ಇವತ್ತಿಗೂ ಮರ್ತಿಲ್ಲ. ಕನ್ನಡದವರಿಗೆ ರಷ್ಯನ್ ಅಷ್ಟೇನೂ ಕಷ್ಟ ಇಲ್ಲ ಅಂತ ನನ್ನ ಅಭಿಪ್ರಾಯ. ಅವರಿಗೂ ವಿಭಕ್ತಿ ಇದೆ, ಆರು. 'ಇದು ಮನೆ' ಅಂತ ನಾವು ಹೇಗೆ ಎರಡೇ ಪದದಲ್ಲಿ ಮುಗಿಸ್ತೀವೋ ಅವರೂ 'ಎತ ದೋಮ್' ಅಂತ ಮುಗಿಸ್ತಾರೆ, ಮಧ್ಯೆ 'ಈಸ್' ಇಲ್ಲ. ಒಂದೂವರೆಗೆ ಅವರಲ್ಲೂ ಒಂದೇ ಪದ, ಪಲ್ತರಾ. ಈ 'ಒಂದೂವರೆ' ಇಂಗ್ಲಿಷಿನವರಿಗೆ ಇಲ್ಲ ನೋಡು.

ಈಗ ವಯಸ್ಸಾಯ್ತು, ಎರಡು ದಿನ ನಿನ್ನ ಜೊತೆ ಓಡಾಡೋಕೆ ಮಂಡಿ ಬಿಡಲ್ಲ. ಲೇಬಲ್ ತಿದ್ದಿಕೊಡ್ತೀನಿ, ಮೆಸೇಜ್ ಮಾಡು. ದುಡ್ಡು ಬೇಡ, ಎರಡು ಪ್ಯಾಕ್ ಗಂಧದ ಬತ್ತಿ ತಂದುಕೊಡು, ಚಪ್ಪಲಿದು ಬೇಡ.

ಚಾಮುಂಡಿ_ಎಕ್ಸ್‌ಪ್ರೆಸ್

😂😂 ನಾನು ಏನೂ ಹೇಳೇ ಇಲ್ಲ ಬುಡಿ ಸಾರ್

ಬತ್ತಿಮನೆ_ಹುಡುಗ

ಸಾರ್ ತುಂಬಾ ಥ್ಯಾಂಕ್ಸ್. ಮೂರು ಸಾವಿರ ಪೌಚ್ ಆಗೋಗಿದೆ. ಅಪ್ಪಂಗೆ ಇನ್ನೂ ಹೇಳಿಲ್ಲ.

ಆಲೆಮನೆ_ಪಾಂಡವಪುರ

ಬತ್ತಿ ತಮ್ಮ ನೀನು ಮೂರು ಸಾವಿರಕ್ಕೆ ಪಾರಾದೆ, ನಾನು ಬೆಲ್ಲದಲ್ಲಿ ಕೈ ಸುಟ್ಕೊಂಡೋನು. ನಮ್ದು ಆಲೆಮನೆ, ಕೆಮಿಕಲ್ ಹಾಕದ ಉಂಡೆ ಬೆಲ್ಲ, ಪುಡಿ ಬೆಲ್ಲ. ಹೊರದೇಶಕ್ಕೆ ಕಳ್ಸವ ಅಂತ ಒಬ್ಬ ಮಧ್ಯವರ್ತಿ ಹಿಡ್ಕಂಡು ಸ್ಯಾಂಪಲ್ ಕಳ್ಸುದ್ವಿ. ಆವಯ್ಯ ಲೇಬಲ್ಲು ತಾನೇ ಮಾಡಿಸ್ತೀನಿ ಅಂದ, ಮಾಡ್ಸುದ, ಆ ಕಡೆ ತಲುಪುದ್ಮೇಲೆ ಅವ್ರು ಕೇಳ್ತಾರೆ ಇದು ತಾಳೆ ಬೆಲ್ಲ ಅಂತ ಬರ್ದದೆ, ಒಳಗಿನ ಟೆಸ್ಟ್ ರಿಪೋರ್ಟಲ್ಲಿ ಕಬ್ಬು ಅಂತದೆ, ಯಾವ್ದು ನಿಜ ಅಂತ. ಯಾವನೋ ಬೆಲ್ಲ ಅಂದ್ರೆ ಪಾಮ್ ಶುಗರ್ ಅಂತ ತಿಳ್ಕಂಡು ಹಾಕ್ಬುಟ್ಟವ್ನೆ. ಮಂಡ್ಯದಲ್ಲಿ ಹುಟ್ಟಿ ತಾಳೆ ಬೆಲ್ಲ ಮಾರೋ ಕರ್ಮ ಯಾರಿಗೆ ಬೇಕು ಹೇಳಿ.

ರಷ್ಯಾ ಕಡೆಗೆ ತಿನ್ನೋ ಸಾಮಾನು ಕಳ್ಸೋರು ತಿಳ್ಕಳಿ. ರಷ್ಯಾ, ಬೆಲಾರುಸ್, ಕಜಕಸ್ತಾನ್, ಆರ್ಮೇನಿಯಾ, ಕಿರ್ಗಿಸ್ತಾನ್ ಐದೂ ಒಂದು ಯೂನಿಯನ್ ಮಾಡ್ಕಂಡವೆ, ಆಹಾರದ ಲೇಬಲ್ಲಿಗೆ ಐದು ಕಡೆಗೂ ಒಂದೇ ರೂಲ್ಸು, ಟೆಕ್ನಿಕಲ್ ರೆಗ್ಯುಲೇಷನ್ 022/2011 ಅಂತ ಅದರ ನಂಬರ್ರು. ಸಾಮಾನಿನ ಹೆಸರು, ಏನೇನು ಹಾಕಿದೀವಿ, ತೂಕ, ತಯಾರಾದ ತಾರೀಕು, ಎಷ್ಟು ದಿನ ಇರ್ತದೆ, ಹೆಂಗೆ ಇಡ್ಬೇಕು, ಮಾಡ್ದೋರು ಯಾರು, ತರ್ಸ್ಕಂಡೋರು ಯಾರು, ಎಲ್ಲಾ ರಷ್ಯನ್ನಲ್ಲಿ ಇರ್ಬೇಕು, ಮೇಲೆ ಆ ಯೂನಿಯನ್ ರೂಲ್ಸಿಗೆ ಸರಿ ಅದೆ ಅನ್ನೋ ಇಎಸಿ ಗುರುತು ಬೇರೆ. ಇಂಗ್ಲಿಷ್ ಪ್ಯಾಕ್ ಮೇಲೆ ಸ್ಟಿಕ್ಕರ್ ಹಾಕುದ್ರೂ ನಡೀತದೆ. ಆದ್ರೆ ಬರ್ದಿರೋದು ಸರಿ ಇರ್ಬೇಕು. ಈಗ ನಾವು ಏನ್ ಮಾಡ್ತೀವಿ ಅಂದ್ರೆ 'ಜಾಗ್ಗೆರಿ' ಅಂತ ಹಾಕಿ ಕೆಳಗೆ ಸಂಸ್ಕರಿಸದ ಕಬ್ಬಿನ ಸಕ್ಕರೆ ಅಂತ ರಷ್ಯನ್ನಲ್ಲಿ ಬರ್ಸಿದೀವಿ, ತರ್ಸ್ಕೊಳ್ಳೋರ ಹತ್ರ ಮೊದಲೇ ಪ್ರೂಫ್ ಕಳ್ಸಿ ಓಕೆ ತಗಂಡು ಆಮೇಲೇ ಪ್ರೆಸ್ಸಿಗೆ.

ಪ್ರೆಸ್ಸು ಅಂದ್ಮೇಲೆ ನೆನಪಾಯ್ತು, ಫೈಲ್ ಕೊಡುವಾಗ ಅಕ್ಷರ ಕರ್ವ್ಸ್ ಮಾಡಿ, ಅಂದ್ರೆ ಚಿತ್ರದ ಥರ ಮಾಡಿ ಕೊಡಿ. ನಮ್ಮೂರ ಪ್ರೆಸ್ಸಿನ ಹುಡುಗ ಡಿಸೈನ್ ಮಾಡೋ ಕೋರೆಲ್‌ನಲ್ಲಿ ತೆಗೆದ, ಅವನ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲ, ಎಲ್ಲಾ ಡಬ್ಬ ಡಬ್ಬ ಬಂತು. ಅವ್ನು ಬುದ್ಧಿವಂತ, ನೋಡ್ಕಂಡು ನೋಡ್ಕಂಡು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಹೊಡ್ದವ್ನೆ. ರಷ್ಯನ್ನಲ್ಲಿ ಇಂಗ್ಲಿಷಿನ ಪಿ ಥರ ಕಾಣೋದು ರ, ಸಿ ಥರ ಕಾಣೋದು ಸ, ಎಚ್ ಥರ ಕಾಣೋದು ನ. ಅರ್ಧ ಅವು ಅರ್ಧ ಇವು ಸೇರಿ ಕಲಸುಮೇಲೋಗರ ಆಗಿತ್ತು.

ಗೋಕುಲಂ_ಥರ್ಡ್_ಸ್ಟೇಜ್

ನಾವು ಮಹಡಿ ಮನೆ ಯೋಗ ಕಲಿಯೋಕೆ ಬರೋರಿಗೆ ಬಾಡಿಗೆಗೆ ಕೊಡ್ತೀವಿ, ಹದಿನೈದು ವರ್ಷದಿಂದ. ರಷ್ಯಾದವರು ಪ್ರತಿ ಸೀಸನ್ನಲ್ಲೂ ಇರ್ತಾರೆ. ಅವರೇನು ಮೈಸೂರಿಗೆ ಹೊಸಬರಲ್ಲ, ಅರಮನೆ ಯೋಗಶಾಲೇಲಿ ಯೋಗಗುರು ಕೃಷ್ಣಮಾಚಾರ್ಯರ ಹತ್ರ 1930ರ ದಶಕದಲ್ಲೇ ಕಲ್ತು ಆಮೇಲೆ ಯೋಗ ಟೀಚರ್ ಆಗಿ ಹೆಸರಾದ ಇಂದ್ರಾ ದೇವಿ ಹುಟ್ಟಿದ್ದು ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ರಿಗಾ ಊರಲ್ಲಿ, ಹುಟ್ಟುಹೆಸರು ಯೆವ್ಗೇನಿಯಾ. ಮೊದಲು ಹೆಂಗಸು ಅಂತ ಬೇಡ ಅಂದ್ರಂತೆ, ಮಹಾರಾಜರು ಹೇಳಿದ್ಮೇಲೆ ಸೇರಿಸ್ಕೊಂಡಿದ್ದು. ನಮ್ಮ ಮನೇಲಿದ್ದ ಹುಡುಗಿಯೇ ಇದನ್ನ ನನಗೆ ಹೇಳಿದ್ದು, ಇಷ್ಟು ವರ್ಷ ಇಲ್ಲೇ ಇದ್ದು ನನಗೇ ಗೊತ್ತಿರ್ಲಿಲ್ಲ ನೋಡಿ.

ಮನೆ ಬಾಡಿಗೆಗೆ, ಹಾಲು ತರಕಾರಿಗೆ, ಗ್ಯಾಸ್ ಖಾಲಿ ಆಯ್ತು ಅನ್ನೋದಕ್ಕೆಲ್ಲ ಫೋನ್ ಆಪ್ ಸಾಕು, ಟ್ಯಾಕ್ಸಿಯವರು ಹೇಳಿದ್ದು ಸುಳ್ಳಲ್ಲ. ಅವರು ಬಂದ 24 ಗಂಟೆ ಒಳಗೆ ಆನ್‌ಲೈನಲ್ಲಿ ಪೊಲೀಸರಿಗೆ ತಿಳಿಸ್ಬೇಕಲ್ಲ, ನಾವು ಇವತ್ತಿಗೂ ಸಿ ಫಾರ್ಮ್ ಅಂತಲೇ ಅನ್ನೋದು, ಅದಕ್ಕೂ ಅನುವಾದ ಬೇಡ, ಅವರ ವಿದೇಶಕ್ಕೆ ಹೋಗೋ ಪಾಸ್‌ಪೋರ್ಟಲ್ಲಿ ಇಂಗ್ಲಿಷಲ್ಲೂ ಹೆಸರಿರುತ್ತೆ.

ಕಷ್ಟ ಬಂದಿದ್ದು ಎರಡು ಸಲ. ಒಂದ್ಸಲ ನಮ್ಮನೇಲಿ ಬಾಡಿಗೆಗಿದ್ದ ರಷ್ಯಾ ಹುಡುಗಿಗೆ ರಾತ್ರಿ ಹೊಟ್ಟೆನೋವು ಬಂದು ಆಸ್ಪತ್ರೆಗೆ ಕರ್ಕೊಂಡು ಹೋದೆ. ಡ್ಯೂಟಿ ಡಾಕ್ಟ್ರು ಯಾವುದಾದ್ರೂ ಔಷಧಿ ಅಲರ್ಜಿ ಇದ್ಯಾ ಕೇಳಿದ್ರು, ಫೋನಲ್ಲಿ ಹಾಕಿ ತೋರಿಸಿದ್ವಿ, ಅವಳು ತಲೆ ಅಲ್ಲಾಡಿಸಿದ್ಲು, ನಾವು ಅಲ್ಲಾಡಿಸೋ ಥರ. ಇಲ್ಲಿ ಇದ್ದೂ ಇದ್ದೂ ನಮ್ಮ ಅಭ್ಯಾಸ ಬಂದ್ಬಿಟ್ಟಿತ್ತು ಅವಳಿಗೆ. ಡಾಕ್ಟರಿಗೆ ಅದು ಹೌದೋ ಅಲ್ಲವೋ ಗೊತ್ತಾಗ್ಲಿಲ್ಲ, ನನಗೂ ಗೊತ್ತಾಗ್ಲಿಲ್ಲ. ಕೊನೆಗೆ ಊರಲ್ಲಿದ್ದ ಅವಳ ಅಮ್ಮಂಗೆ ವಿಡಿಯೋ ಕಾಲ್ ಮಾಡಿ, ಪಕ್ಕದ ಬೀದೀಲಿದ್ದ ಇಂಗ್ಲಿಷ್ ಬರೋ ಇನ್ನೊಬ್ಬ ರಷ್ಯಾ ಹುಡುಗನ್ನ ಎಬ್ಬಿಸಿ ಕರೆಸಿದ್ವಿ. ಅವನು ಬಂದು ಎರಡೇ ಮಾತಲ್ಲಿ ಹೇಳ್ದ, ಪೆನಿಸಿಲಿನ್ ಆಗಲ್ಲ ಇವಳಿಗೆ ಅಂತ. ಆವತ್ತಿಂದ ಯಾರು ಬಂದ್ರೂ ಮೊದಲ ದಿನವೇ ಅಲರ್ಜಿ, ಮಾತ್ರೆ, ಮನೆಯವರ ನಂಬರ್ ಇಂಗ್ಲಿಷಲ್ಲಿ ಬರೆಸಿ ಫ್ರಿಜ್ ಮೇಲೆ ಅಂಟಿಸ್ತೀನಿ.

ಇನ್ನೊಂದು ಮದುವೆ ಕಥೆ. ನಮ್ಮಲ್ಲಿದ್ದ ಹುಡುಗಿ ಇಲ್ಲಿಯವನನ್ನೇ ಸ್ಪೆಷಲ್ ಮ್ಯಾರೇಜ್ ಆಕ್ಟಲ್ಲಿ ಮದುವೆ ಆದ್ಲು. ನೋಟಿಸ್ ಕೊಟ್ಟು 30 ದಿನ ಕಾಯಬೇಕು ಅದ್ರಲ್ಲಿ. ಅವಳ ಬರ್ತ್ ಸರ್ಟಿಫಿಕೇಟು, ಮದುವೆ ಆಗಿಲ್ಲ ಅನ್ನೋ ಪತ್ರ ಎಲ್ಲಾ ರಷ್ಯನ್ನಲ್ಲಿ. ಅನುವಾದ ಮಾಡಿದೋರು ಅವಳ ಹೆಸರು, ಅಪ್ಪನ ಹೆಸರಿಂದ ಬರೋ ಮಧ್ಯದ ಹೆಸರು, ಮನೆತನದ ಹೆಸರು ಮೂರನ್ನೂ ಸರಿಯಾಗೇ ಬರ್ದಿದ್ರು, ಇಲ್ಲಿ ಫಾರಂ ತುಂಬಿದೋರು ಮಧ್ಯದ್ದನ್ನೇ ಸರ್‌ನೇಮ್ ಮಾಡ್ಬಿಟ್ರು. ತಿದ್ದಿಸೋಕೆ ಮೂರು ಸಲ ಓಡಾಡಿದ್ದು ಅವಳ ಗಂಡ, ಬೈಸ್ಕೊಂಡಿದ್ದು ನಾನು.

ಪದಕ್ಕಿಷ್ಟು

ಈ ಕೆಲಸವೇ ನನ್ನ ಹೊಟ್ಟೆಪಾಡು, ಹೈದರಾಬಾದಿನ ಭಾಷಾ ಯೂನಿವರ್ಸಿಟಿ ಇಫ್ಲುನಲ್ಲಿ ರಷ್ಯನ್ ಓದಿ ಈಗ ಕುವೆಂಪುನಗರದಲ್ಲಿ ಕೂತು ಅನುವಾದ ಮಾಡ್ತೀನಿ. ಪ್ರಚಾರ ಅಂದ್ಕೋಬೇಡಿ, ಮುಂದಿನ ತಿಂಗಳು ನಾನು ಊರಲ್ಲಿರಲ್ಲ, ಹಾಗಾಗಿ ನಿಮ್ಮ ಕೆಲಸ ನನಗೆ ಹೇಗೂ ಆಗಲ್ಲ, ಧೈರ್ಯವಾಗಿ ಹೇಳ್ತೀನಿ.

ಮೊದಲು ರೇಟು. ಪೇಜ್ ಅಂದ್ರೆ ಯಾವ ಪೇಜು ಅಂತ ಕೇಳಿ. ರಷ್ಯಾ ಕಡೆ ಲೆಕ್ಕದಲ್ಲಿ ಒಂದು ಪೇಜ್ ಅಂದ್ರೆ ಖಾಲಿ ಜಾಗನೂ ಸೇರಿಸಿ 1800 ಅಕ್ಷರ, ಹೆಚ್ಚುಕಮ್ಮಿ 250 ಪದ. 700ನ್ನ 250ರಿಂದ ಭಾಗಿಸಿದ್ರೆ ಪದಕ್ಕೆ ಮೂರು ರೂಪಾಯಿ ಒಳಗೇ ಬಂತು, ಅಂದ್ರೆ ಐದು ರೂಪಾಯಿಯವರಿಗಿಂತ ಅಗ್ಗ. ಅದೇ ಅವರು ಪೇಜ್ ಅಂದಿದ್ದು ನೂರು ಪದ ಇರೋ ದೊಡ್ಡಕ್ಷರದ ಹಾಳೆ ಆದ್ರೆ ದುಬಾರಿ. ಮೂಲದ ಪದ ಎಣಿಸ್ತಾರಾ ಅನುವಾದದ ಪದ ಎಣಿಸ್ತಾರಾ ಅದನ್ನೂ ಕೇಳಿ, ಎರಡು ಭಾಷೇಲಿ ಎಣಿಕೆ ಒಂದೇ ಬರಲ್ಲ.

ಸರ್ಟಿಫೈಡ್ ಅನ್ನೋ ಮಾತು ಕೇಳಿ ಹೆದರ್ಕೋಬೇಡಿ. ನಮ್ಮ ದೇಶದಲ್ಲಿ ಸರ್ಕಾರ ಲೈಸೆನ್ಸ್ ಕೊಟ್ಟ ಪ್ರಮಾಣಿತ ಅನುವಾದಕರು ಅಂತ ಒಂದು ವ್ಯವಸ್ಥೆ ಇಲ್ಲ, ಏಜೆನ್ಸಿ ತನ್ನ ಲೆಟರ್‌ಹೆಡ್ಡಲ್ಲಿ ಸೀಲ್ ಹಾಕಿ ಕೊಡೋದನ್ನೇ ಸರ್ಟಿಫೈಡ್ ಅಂತಾರೆ. ರಷ್ಯಾದಲ್ಲಿ ನೋಟರಿ ಆದ ಅನುವಾದ ಕೇಳ್ತಾರೆ, ಅಲ್ಲಿ ಅನುವಾದಕರು ಡಿಪ್ಲೊಮಾ ತೋರಿಸಿ ನೋಟರಿ ಮುಂದೆ ಸಹಿ ಹಾಕ್ತಾರೆ, ನೋಟರಿ ಆ ಸಹಿಗೆ ಸಾಕ್ಷಿ. ನಮ್ಮೂರ ಕೋರ್ಟ್ ಮುಂದೆ ಕೂತಿರೋ ನೋಟರಿ ಸೀಲು ಅಲ್ಲಿ ಅದೇ ಕೆಲಸ ಮಾಡಲ್ಲ. ಹಾಗಾಗಿ ಅಲ್ಲಿಯ ಆಫೀಸಿಗೆ ಕೊಡೋ ಕಾಗದ ಇದ್ರೆ ಇಲ್ಲಿ ದುಡ್ಡು ಸುರಿಯೋ ಮೊದಲು ತಗೊಳ್ಳೋರನ್ನೇ ಕೇಳಿ, ಎಷ್ಟೋ ಸಲ ಅಲ್ಲೇ ಮಾಡಿಸೋದು ಸುಲಭ. ನಿಮ್ಮ ಅಗ್ರಿಮೆಂಟ್ ನೀವು ಓದಿ ಅರ್ಥ ಮಾಡ್ಕೊಳ್ಳೋಕೆ, ಅದಕ್ಕೆ ಸೀಲೂ ಬೇಡ ನೋಟರಿನೂ ಬೇಡ. ಸಹಿ ಹಾಕೋ ಪ್ರತಿ ಮಾತ್ರ ಎರಡು ಕಾಲಂ ಇರೋದು ಮಾಡಿಸಿ, ಎಡಕ್ಕೆ ರಷ್ಯನ್ ಬಲಕ್ಕೆ ಇಂಗ್ಲಿಷ್, ವ್ಯತ್ಯಾಸ ಬಂದ್ರೆ ಯಾವ ಭಾಷೆಯದು ನಡೆಯುತ್ತೆ ಅಂತ ಒಂದು ಸಾಲು ಕೊನೇಲಿರುತ್ತೆ, ಆ ಸಾಲನ್ನ ಎರಡು ಸಲ ಓದಿ.

ಅಂಕಿ ಜೋಪಾನ. ಇದನ್ನ ದಪ್ಪಕ್ಷರದಲ್ಲಿ ಬರೀಬೇಕು ಅನ್ನಿಸ್ತಿದೆ. ಅವರು ದಶಮಾಂಶಕ್ಕೆ ಚುಕ್ಕಿ ಇಡಲ್ಲ, ಕಾಮಾ ಇಡ್ತಾರೆ. ಸಾವಿರಕ್ಕೆ ಕಾಮಾ ಬದಲು ಜಾಗ ಬಿಡ್ತಾರೆ. ಅವರ ಕಾಗದದಲ್ಲಿ 2,500 ಕೇಜಿ ಅಂತಿದ್ರೆ ಅದು ಎರಡೂವರೆ ಕೇಜಿ. ನೀವು ಎರಡೂವರೆ ಟನ್ ಅಂದ್ಕೊಂಡು ಬಿದಿರು ಕಡ್ಡಿ ಆರ್ಡರ್ ಮಾಡಿದ್ರೆ ಗೋಡೌನ್ ಸಾಲಲ್ಲ. ನಾವು ಬರೆಯೋ 1,50,000 ಅವರಿಗೆ ಏನೂ ಅರ್ಥ ಆಗಲ್ಲ. ಮಾತಾಡುವಾಗಲೂ ಅಷ್ಟೇ, ದುಭಾಷಿ ಕೆಲಸದಲ್ಲಿ ನಾಲಿಗೆ ಎಡವೋದು ಲಕ್ಷ ಕೋಟಿ ಹತ್ರ. ನಾನು ಒಂದ್ಸಲ ಹದಿನೈದು ಲಕ್ಷವನ್ನ ನೂರೈವತ್ತು ಸಾವಿರ ಅಂತ ಅಂದ್ಬಿಟ್ಟೆ, ಆ ಕಡೆಯವರು ಖುಷಿಯಾಗಿ ಎದ್ದು ಕೈ ಕುಲುಕಿಬಿಟ್ರು, ಈ ಕಡೆ ಸಾಹುಕಾರ್ರು ಯಾಕಿಷ್ಟು ಬೇಗ ಒಪ್ಕೊಂಡ್ರು ಅಂತ ಅನುಮಾನದಲ್ಲಿ ನನ್ನ ಮುಖ ನೋಡಿದ್ರು. ಅದಾದ್ಮೇಲೆ ರೇಟ್ ಮಾತು ಬಂದ್ರೆ ನಾನು ಬಾಯಲ್ಲಿ ಹೇಳಲ್ಲ, ಕಾಗದದ ಮೇಲೆ ಸೊನ್ನೆ ಎಣಿಸಿ ಬರೆದು ಇಬ್ಬರ ಮಧ್ಯೆ ಇಡ್ತೀನಿ.

ಕನ್ನಡದಿಂದ ನೇರ ರಷ್ಯನ್ನಿಗೆ ಮಾಡೋರು ಬೆರಳೆಣಿಕೆ. ಸಿಕ್ರೆ ಬಿಡಬೇಡಿ, ನಿಮ್ಮ ಅಪ್ಪ ಮಾತಾಡಿದ್ದು ನಿಮ್ಮ ಇಂಗ್ಲಿಷ್ ದಾಟಿ ಹೋಗೋ ಅಷ್ಟರಲ್ಲಿ ಅರ್ಧ ಸೋರಿ ಹೋಗಿರುತ್ತೆ. ಯಾರೇ ಸಿಗಲಿ, ಬಯ್ಯರ್ ಬರೋ ಮೊದಲು ಅರ್ಧ ದಿನ ಯೂನಿಟ್ಟಿಗೆ ಕರ್ಕೊಂಡು ಹೋಗಿ ಜಿಗಟು ಯಾವುದು, ಹಾಲುಮಡ್ಡಿ ಯಾವುದು, ರಾ ಬತ್ತಿ ಅಂದ್ರೇನು, ಸೆಂಟಿಗೆ ಅದ್ದೋದು ಯಾವಾಗ ಅಂತ ಕೈಗೆ ಕೊಟ್ಟು ಮೂಸಿ ತೋರಿಸಿ. ಆ ಅರ್ಧ ದಿನಕ್ಕೂ ದುಡ್ಡು ಕೊಡಿ. ಭಾಷೆ ಎಷ್ಟೇ ಬಂದ್ರೂ ಹಾಲುಮಡ್ಡಿ ಅನ್ನೋ ಪದ ಯಾವ ಯೂನಿವರ್ಸಿಟೀಲೂ ಕಲಿಸಲ್ಲ. ನಿಮ್ಮ ಬಯ್ಯರ್ ನಮ್ಮ ಕಡೆಯೇ ಒಬ್ಬರು ಬರ್ತಾರೆ ಬಿಡಿ ಅಂದ್ರೂ ನೀವು ನಿಮ್ಮೋರನ್ನ ಇಟ್ಕೊಳ್ಳಿ, ಅವರು ಕರೆತಂದ ದುಭಾಷಿಗೆ ಸಂಬಳ ಕೊಡೋರು ಅವರು.

ಏಜೆನ್ಸಿ ಮೋಸದ ಬಗ್ಗೆ ಒಂದು ಮಾತು. ಒಬ್ಬ ಮೇಡಂ ತಮ್ಮ ಅಫಿಡವಿಟ್ಟು ಎಲ್ಲೋ ಮಾಡಿಸ್ಕೊಂಡು ನನಗೆ ನೋಡೋಕೆ ಕೊಟ್ರು. ರಷ್ಯನ್ನಲ್ಲಿ 'ನಾನು ಹೇಳಿದೆ' ಅನ್ನೋದ್ರಲ್ಲೂ ಹೇಳಿದೋರು ಗಂಡಸೋ ಹೆಂಗಸೋ ಕ್ರಿಯಾಪದದಲ್ಲೇ ಗೊತ್ತಾಗುತ್ತೆ. ಅದ್ರಲ್ಲಿ ಮೊದಲ ಪುಟದಲ್ಲಿ ಮೇಡಂ ಗಂಡಸು, ಎರಡನೇ ಪುಟದಲ್ಲಿ ಹೆಂಗಸು, ಕೊನೇಲಿ ಮತ್ತೆ ಗಂಡಸು. ಮನುಷ್ಯರು ಮಾಡಿದ್ರೆ ಹೀಗಾಗಲ್ಲ, ಮೆಷಿನ್ನಿಂದ ತೆಗೆದು ಯಾರೂ ಓದದೇ ಸೀಲ್ ಒತ್ತಿದ್ದು. ಕೆಲಸ ಕೊಡೋ ಮೊದಲು ಮಾಡೋರು ಯಾರು, ಎಲ್ಲಿ ಓದಿದಾರೆ, ರಷ್ಯನ್ ಎಷ್ಟು ಬರುತ್ತೆ ಅಂತ ಅಳೆಯೋ ಟಿಆರ್‌ಕೆಐ ಪರೀಕ್ಷೆ ಯಾವ ಮಟ್ಟ ಆಗಿದೆ ಕೇಳಿ, ಬಿ2 ಮಟ್ಟವೋ ಅದಕ್ಕಿಂತ ಮೇಲೋ ಇದ್ರೆ ಒಳ್ಳೇದು. ಬೇಜಾರ್ ಮಾಡ್ಕೊಂಡ್ರೆ ಮಾಡ್ಕೊಳ್ಳಲಿ.

ಮೆಡಿಕಲ್_ಅಪ್ಪ

ವಿಷಯ ಸ್ವಲ್ಪ ಬೇರೆ, ಆದ್ರೂ ಇಲ್ಲೇ ಹಾಕ್ತೀನಿ ಯಾರಿಗಾದ್ರೂ ಉಪಯೋಗ ಆಗ್ಲಿ. ಮಗ ರಷ್ಯಾದಲ್ಲಿ ಎಂಬಿಬಿಎಸ್ ಎರಡನೇ ವರ್ಷ. ನಾವು ಮದ್ದೂರಿನವರು, ಅವನ ಹೆಸರು ಊರ ಹೆಸರಿನ ಇನಿಷಿಯಲ್ಲು, ನನ್ನ ಹೆಸರಿನ ಇನಿಷಿಯಲ್ಲು, ಆಮೇಲೆ ಅವನ ಹೆಸರು. ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಮುಂದಿದೆ, ಪಾಸ್‌ಪೋರ್ಟಲ್ಲಿ ಬಿಡಿಸಿ ಹಿಂದಿದೆ. ಅವರ ಫಾರಮ್ಮಲ್ಲಿ ಮನೆತನದ ಹೆಸರು ಕಡ್ಡಾಯ, ನಮಗೆ ಅದೇ ಇಲ್ಲ. ಇದರ ಮೇಲೆ ಅವನ ಹೆಸರು 'ಹ'ದಿಂದ ಶುರು, ರಷ್ಯನ್ನಲ್ಲಿ ನಮ್ಮ ಹಗುರದ 'ಹ' ಇಲ್ಲವಂತೆ, ಒಬ್ರು 'ಖ' ಅಂತ ಬರೀತಾರೆ, ಹಳೇ ಪದ್ಧತಿಯವರು 'ಗ' ಅಂತ ಬರೀತಾರೆ, ಹಿಮಾಲಯಕ್ಕೆ ಅವರು ಗಿಮಲಾಯಿ ಅನ್ನೋದು ಇದಕ್ಕೇ. ಮಾರ್ಕ್ಸ್ ಕಾರ್ಡ್ ಅನುವಾದದಲ್ಲಿ ಗ, ವೀಸಾದಲ್ಲಿ ಖ. ಇಬ್ಬರು ಬೇರೆ ಬೇರೆ ಹುಡುಗರು ಅಂತ ಯೂನಿವರ್ಸಿಟಿ ಆಫೀಸಲ್ಲಿ ಕೂರಿಸಿದ್ರು. ವೀಸಾ ಮೇಲೆ ಹೆಸರು ರಷ್ಯನ್ ಅಕ್ಷರದಲ್ಲೂ ಇರುತ್ತೆ, ಅದನ್ನ ಫೋಟೋ ತೆಗೆದು ಅನುವಾದ ಮಾಡೋರಿಗೆ ಕೊಟ್ಟು ಹೀಗೇ ಬರೀರಿ ಅನ್ನಿ, ತಲೆನೋವು ತಪ್ಪುತ್ತೆ.

ಮಾರ್ಕ್ಸ್ ಕಾರ್ಡ್ ಥರದ ಕಾಗದ ಮಾಡಿಸೋ ಕ್ರಮನೂ ಹೇಳ್ತೀನಿ: ಮೊದಲು ಇಲ್ಲಿ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಇಲಾಖೆ ಅಪೊಸ್ಟಿಲ್, ಅಂದ್ರೆ ಕಾಗದ ಹೊರದೇಶದಲ್ಲಿ ನಡೆಯೋಕೆ ಹಾಕೋ ದೃಢೀಕರಣ, ಆಮೇಲೆ ಅನುವಾದ. ಅಪೊಸ್ಟಿಲ್ ಸ್ಟಿಕ್ಕರೂ ಅನುವಾದ ಆಗ್ಬೇಕಲ್ಲ, ಮೊದಲೇ ಮಾಡಿಸಿದ್ರೆ ಎರಡು ಸಲ ದುಡ್ಡು. ನಾವು ಎರಡು ಸಲ ಕೊಟ್ಟೋರು. ಮತ್ತೆ ಏಜೆಂಟ್ ಇಂಗ್ಲಿಷ್ ಮೀಡಿಯಂ ರಷ್ಯನ್ ಬೇಡ ಅಂತ ಹೇಳಿದ್ರೆ ನಂಬಬೇಡಿ. ನಮ್ಮ ಮೆಡಿಕಲ್ ಕಮಿಷನ್ 2021ರ ನಿಯಮದ ಪ್ರಕಾರ ಪಾಠ ಇಂಗ್ಲಿಷಲ್ಲೇ ಇರ್ಬೇಕು ನಿಜ, 54 ತಿಂಗಳು ಓದು ಆಮೇಲೆ 12 ತಿಂಗಳು ಇಂಟರ್ನ್‌ಶಿಪ್, ಆದ್ರೆ ವಾರ್ಡಲ್ಲಿ ಮಲಗಿರೋ ಅಜ್ಜಿ ಎಲ್ಲಿ ನೋವು ಅಂತ ಇಂಗ್ಲಿಷಲ್ಲಿ ಹೇಳ್ತಾಳಾ.

ಬತ್ತಿಮನೆ_ಹುಡುಗ

ಎಲ್ರಿಗೂ ಅಪ್ಡೇಟ್ ಕೊಡ್ಬೇಕು ಅಂತ ಬಂದೆ, ಒಂದೂವರೆ ತಿಂಗಳಾಯ್ತು. ಬಯ್ಯರ್ ಬಂದು ಹೋದ್ರು.

ದುಭಾಷಿ ಸಿಕ್ಕಿದ್ದು ಹಳೇ ಮಾಸ್ಕೋ ಸಾರ್ ಕಡೆಯಿಂದಲೇ, ಅವರ ಗೆಳೆಯರ ಮಗಳು, ಹಾಸನದವರು, ಕನ್ನಡದಿಂದ ನೇರ ರಷ್ಯನ್. ಅನುವಾದ ಮಾಡೋ 'ಪದಕ್ಕಿಷ್ಟು' ಮೇಡಂ ಹೇಳಿದಂಗೆ ಹಿಂದಿನ ದಿನ ಕರ್ಕೊಂಡು ಬಂದು ಎಲ್ಲಾ ತೋರಿಸ್ದೆ, ಪಾಪ ಕೈಯೆಲ್ಲಾ ಹಾಲುಮಡ್ಡಿ ಮೆತ್ಕೊಂಡು ಸೀಮೆಎಣ್ಣೆ ಹಾಕಿ ತೊಳ್ಕೊಂಡ್ರು. ಮೀಟಿಂಗಲ್ಲಿ ಅಪ್ಪ ಸುಮ್ನೆ ಇರ್ತಾರೆ ಅಂದ್ಕೊಂಡಿದ್ದೆ, ನೇರ ಕನ್ನಡದಲ್ಲೇ ಹೇಳಬಹುದು ಅಂತ ಗೊತ್ತಾದ್ಮೇಲೆ ನಿಲ್ಲಿಸ್ಲೇ ಇಲ್ಲ. ಬಯ್ಯರ್ ಇನ್ನೂ ಸೆಂಟಿಗೆ ಅದ್ದದ ರಾ ಬತ್ತಿ ತಗೊಂಡು ಮುರಿದು ಮೂಸಿ ಇದ್ರಲ್ಲಿ ಸೆಂಟ್ ಕಮ್ಮಿ ಯಾಕೆ ಅಂದ್ರು, ಅಪ್ಪ ಅದಕ್ಕೆ, ಸ್ವಾಮಿ ಒಗ್ಗರಣೆ ಹಾಕೋ ಮೊದಲೇ ಸಾರು ರುಚಿ ನೋಡಿದ್ರೆ ಹೆಂಗೆ ಅಂದ್ರು. ಆ ಹುಡುಗಿ ಒಂದು ಸೆಕೆಂಡ್ ಯೋಚ್ನೆ ಮಾಡಿ ಏನೋ ಹೇಳಿದ್ರು, ಬಯ್ಯರ್ ಹೊಟ್ಟೆ ಹಿಡ್ಕೊಂಡು ನಕ್ಕರು. ಆಮೇಲೆ ಕೇಳ್ದೆ ಒಗ್ಗರಣೆಗೆ ರಷ್ಯನ್ನಲ್ಲಿ ಏನಂದ್ರಿ ಅಂತ, ಒಗ್ಗರಣೆ ಬಿಟ್ಟೆ ಕಣ್ರೀ, ಉಪ್ಪು ಹಾಕೋ ಮೊದಲೇ ಅವರ ಬೋರ್ಷ್ ಸೂಪಿನ ರುಚಿ ನೋಡಿದಂಗೆ ಅಂದೆ ಅಂದ್ರು.

ರೇಟು ಕಾಗದದ ಮೇಲೆ ಬರೆದೇ ಮಾತಾಡಿದ್ವಿ. ಅಗ್ರಿಮೆಂಟಲ್ಲಿ ಆ ಕೊನೆ ಸಾಲು ರಷ್ಯನ್ ಪ್ರತಿಯೇ ಅಂತಿಮ ಅಂತಿತ್ತು, ಎರಡೂ ಸಮ ಅಂತ ತಿದ್ದಿಸಿದ್ವಿ. ಮೊದಲನೇ ಆರ್ಡರ್ ಚಿಕ್ಕದೇ, ಟ್ರಯಲ್ಲಿಗೆ. ಹೂವಿನ ಬೊಕೆ ಆರ್ಡರ್ ಮಾಡಿದ್ದೆ, ಸಾರ್ ನೆನಪಾಗಿ ಫೋನ್ ಮಾಡಿ ಎಣಿಸು ಅಂದ್ರು, ಹನ್ನೆರಡು ಗುಲಾಬಿ ಇತ್ತು. ಅವರಲ್ಲಿ ಸಮ ಸಂಖ್ಯೆ ಹೂವು ಸಾವಿಗೆ ಮಾತ್ರವಂತೆ, ಒಂದು ಕಿತ್ತು ಅಮ್ಮಂಗೆ ಮುಡಿಯೋಕೆ ಕೊಟ್ಟೆ.

ಆ ಮೂರು ಸಾವಿರ ಪೌಚ್ ವಿಷಯ ಅಪ್ಪಂಗೆ ಮೀಟಿಂಗಲ್ಲೇ ಗೊತ್ತಾಯ್ತು. ಯೂನಿಟ್ ಮೂಲೇಲಿ ಗೋಣಿ ಮುಚ್ಚಿ ಇಟ್ಟಿದ್ದೆ, ಬಯ್ಯರ್ ಗೋಣಿ ಎತ್ತಿ ಒಂದು ತೆಗೆದು ಓದಿ, ತಮ್ಮ ಕಾಲು ನೋಡ್ಕೊಂಡು, ಎರಡು ಜೇಬಲ್ಲಿ ಹಾಕ್ಕೊಂಡ್ರು, ಆಫೀಸಲ್ಲಿ ತೋರಿಸ್ತೀನಿ ಅಂತ.

ಹಳೇ_ಮಾಸ್ಕೋ

ಎರಡು ಹಾಕ್ಕೊಂಡ್ರಾ, ಹಾಗಾದ್ರೆ ಜೋಡಿ ಆಯ್ತು ಬಿಡು. ನನ್ನ ಬತ್ತಿ ಪ್ಯಾಕ್ ಇನ್ನೂ ಬಂದಿಲ್ಲ.